ಮೊಳೆ ಇರುವ ಟೈರು

ಟೈರಿಗೆ ಮೊಳೆ ಹೊಕ್ಕರೆ ಕಿತ್ತು ತೆಗೆಯುವುದು ನನಗೆ ಗೊತ್ತಿತ್ತು. ಬೇಕೆಂದೇ ಮೊಳೆ ಇಟ್ಟು ಟೈರು ಮಾಡುತ್ತಾರೆ ಎಂಬುದನ್ನು ಮೊದಲು ಕೇಳಿದ್ದು ಹೆಂಡತಿಯ ಬಾಯಲ್ಲಿ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ನೆನಪಾದರೆ ಈಗ ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಅವಳು ನರ್ಸು. ಹನ್ನೊಂದು ವರ್ಷ ಇಲ್ಲೇ ಕುವೈತಿನಲ್ಲಿ ದುಡಿದು, ಹೋದ ವರ್ಷ ಫಿನ್‌ಲ್ಯಾಂಡಿನ ಒಂದು ಸಣ್ಣ ಊರಿನ ಆಸ್ಪತ್ರೆ ಸೇರಿದಳು. ಅಲ್ಲಿ ನೆಲೆಯಾದ ಮೇಲೆ ನನ್ನನ್ನೂ ಮಗಳನ್ನೂ ಕರೆಸಿಕೊಳ್ಳುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ನಾವಿಬ್ಬರು ಕುವೈತಿನ ಮಹಬೂಲಾದ ಫ್ಲ್ಯಾಟಿನಲ್ಲಿ. ನಾನು ಹುಬ್ಬಳ್ಳಿ ಕಡೆಯವನು, ಮರುಭೂಮಿಯ ನಡುವಿನ ವಫ್ರಾದ ತೋಟಗಳಲ್ಲಿ ಪಂಪು, ಕೂಲರುಗಳ ರಿಪೇರಿ ನನ್ನ ಕೆಲಸ. ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮುನ್ನ ಪಿಕಪ್ಪಿನ ನಾಲ್ಕೂ ಟೈರಿನ ಗಾಳಿ ಅರ್ಧ ಇಳಿಸಬೇಕು. ಆಗ ಟೈರು ಮೆತ್ತಗಾಗಿ, ಅಗಲವಾಗಿ ಮರಳ ಮೇಲೆ ಕೂರುತ್ತದೆ, ಹೂತುಕೊಳ್ಳುವುದಿಲ್ಲ. ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳಿಕೊಟ್ಟವನು ನಾನೇ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಅವಳ ಡ್ಯೂಟಿಯ ಹೊತ್ತಿಗೆ ಅಲ್ಲಿ ಬಸ್ಸಿಲ್ಲ. ಹಾಗಾಗಿ ಒಂದು ಹಳೆಯ ಸೈಕಲ್ ಕೊಂಡಿದ್ದಳು. ನವೆಂಬರಿನಲ್ಲಿ ಹಿಮ ಬೀಳತೊಡಗಿದಾಗ ಒಂದು ಬೆಳಿಗ್ಗೆ ಫೋನಿನಲ್ಲಿ ಕೇಳಿದಳು.

"ರೀ, ಚಳಿಗಾಲಕ್ಕ ಬ್ಯಾರೆ ಟೈರ್ ಹಾಕಸ್ಬೇಕಂತ. ಇಲ್ಲಿ ಭಾಳ ಮಂದಿ ಮೊಳಿ ಇರೋ ಟೈರ್ ಹಾಕ್ಕೋತಾರ. ಅಂಗಡ್ಯಾಂವನೂ ಅದನ್ನ ಹೇಳಿದ. ಯಾವ್ದು ತಗೋಲಿ?"

"ಟೈರಿಗೆ ಮೊಳಿ ಬಡ್ಕೊಂಡು ಯಾರರ ಅಡ್ಡಾಡ್ತಾರೇನ? ನಾ ಇಲ್ಲಿ ವಾರಕ್ಕೊಮ್ಮೆ ಪಂಕ್ಚರ್ ಅಂಗಡ್ಯಾಗ ನಿಂತು ಮೊಳಿ ಕೀಳಸ್ತೀನಿ!"

"ಅಲ್ಲರೀ, ಅಂವ ಹೇಳಿದ್ನಲ್ಲ..."

"ಅಂವಗ ಮಾಲ್ ಮಾರೂದೈತಿ. ಹಿಮ ಅಂದ್ರೇನು, ಬಿಳೇ ಮರಳು. ಸೈಕಲ್ಲಿಗೆ ಹಿಡಿಸುವಷ್ಟು ದಪ್ಪಂದು ತಗೋ, ದೊಡ್ಡ ಹಲ್ಲಿಂದು. ಗಾಳಿ ಕಡಿಮಿ ಇಡು. ಖಲಾಸ್."

ಅವಳು ದಪ್ಪನೆಯದನ್ನೇ ಹಾಕಿಸಿದಳು. ಮದುವೆಯಾದಾಗಿನಿಂದ ಗಾಡಿ, ಮಿಕ್ಸಿ, ಗೀಸರುಗಳ ವಿಷಯದಲ್ಲಿ ನನ್ನ ಮಾತು ಮೀರಿದವಳಲ್ಲ. ಎರಡು ವಾರ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಹೊಸ ಹಿಮ ಮೆತ್ತಗಿತ್ತು, ಟೈರು ಅದರ ಮೇಲೆ ಚೆನ್ನಾಗಿ ಓಡಿತು. ಫಿನ್‌ಲ್ಯಾಂಡಿನವರಿಗೂ ನಾನೇ ಟೈರು ಕಲಿಸಬೇಕಾಯಿತು ಎಂದು ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಡಿಸೆಂಬರಿನಲ್ಲಿ ಒಂದು ದಿನ ಅಲ್ಲಿ ಮಳೆ ಬಂತಂತೆ. ಹಿಮವೆಲ್ಲ ನೀರಾಗಿ, ಮತ್ತೆ ಚಳಿ ಹಿಡಿದು ರಸ್ತೆಗೆ ರಸ್ತೆಯೇ ಗಾಜಾಯಿತು. ಆಸ್ಪತ್ರೆಯ ಹತ್ತಿರದ ತಿರುವಿನಲ್ಲಿ ಅವಳ ಮುಂದಿನ ಗಾಲಿ ಜಾರಿತು. ಬೀಳುವಾಗ ಬಲಗೈ ಊರಿದಳು, ಮಣಿಕಟ್ಟು ಮುರಿಯಿತು. ಎಡಗೈಯಲ್ಲಿ ಫೋನು ಹಿಡಿದು ಸುದ್ದಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಗಾಳಿ ಎಷ್ಟ ಇಟ್ಟಿದ್ದಿ?"

ನೋವಿದೆಯಾ ಎನ್ನಲಿಲ್ಲ. ಜೊತೆಗೆ ಯಾರಿದ್ದಾರೆ ಎಂದು ಕೇಳಲಿಲ್ಲ. ಗಾಳಿಯ ಲೆಕ್ಕ ಕೇಳಿದೆ.

"ನೀವು ಹೇಳಿದಷ್ಟ ಇತ್ರಿ," ಎಂದಳು. "ನಂದ ತಪ್ಪು. ಜೋರ ಹೊಂಟಿದ್ದೆ."

ಆರು ವಾರ ಪ್ಲಾಸ್ಟರು. ಒಂದೇ ಕೈಯಲ್ಲಿ ಜಡೆ ಹೆಣೆದುಕೊಳ್ಳಲು ಆಗುವುದಿಲ್ಲ. ವಿಡಿಯೊ ಕಾಲಿನಲ್ಲಿ ಕೂದಲು ಹರಡಿಕೊಂಡೇ ಕೂರುತ್ತಿದ್ದಳು. ಹೆಣೆದುಕೊಡಲು ಅಲ್ಲಿ ಅವಳಿಗೆ ಯಾರೂ ಇರಲಿಲ್ಲ. ಎರಡನೆಯ ವಾರ ನೋಡಿದರೆ ಸೊಂಟದವರೆಗಿದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡುಬಿಟ್ಟಿದ್ದಳು. "ತಲಿ ಹಗುರಾತು ನೋಡ್ರಿ," ಎಂದು ನಕ್ಕಳು. ಆಗಲೂ ಟೈರಿನ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಪ್ಲಾಸ್ಟರು ಬಿಚ್ಚಿದ ಮೇಲೆ, ಸೋಮವಾರದಿಂದ ಮತ್ತೆ ಸೈಕಲ್ಲಿನಲ್ಲೇ ಡ್ಯೂಟಿಗೆ ಹೋಗುವುದು ಎಂದಳು. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರಲಿಲ್ಲ. ಶುಕ್ರವಾರ ರಜೆ. ಸ್ಟೀಲಿನ ತಟ್ಟೆಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟೆ. ಮಗಳ ಹಳೆಯ ಸೈಕಲ್ಲಿನ ಟೈರಿನಿಂದ ಅಂಗೈ ಉದ್ದದ ತುಂಡು ಕತ್ತರಿಸಿದೆ. ಮಂಜುಗಡ್ಡೆಯ ಮೇಲೆ ಅದನ್ನು ಒತ್ತಿ ತಳ್ಳಿದರೆ ಒದ್ದೆ ಸೋಪಿನಂತೆ ಆ ತುದಿಗೆ ಹೋಗಿ ನಿಂತಿತು. ಎಷ್ಟು ಮೆತ್ತಗೆ ಒತ್ತಿದರೂ ಅಷ್ಟೇ, ಎಷ್ಟು ಜೋರಾಗಿ ಒತ್ತಿದರೂ ಅಷ್ಟೇ. ಆಮೇಲೆ ತುಂಡಿನ ಒಳಗಿನಿಂದ ಏಳೆಂಟು ಗಿಡ್ಡ ಸ್ಕ್ರೂ ತಿರುಗಿಸಿ, ತುದಿಗಳು ಅಕ್ಕಿ ಕಾಳಿನಷ್ಟು ಹೊರಗೆ ಕಾಣುವಂತೆ ಮಾಡಿದೆ. ಈಗ ತಳ್ಳಿದರೆ ಕರ್ರ್ ಎಂದು ಕಚ್ಚಿಕೊಂಡಿತು. ತಟ್ಟೆ ಸರಿಯಿತೇ ಹೊರತು ಟೈರು ಜಾರಲಿಲ್ಲ. ಮರಳು ಟೈರಿಗೆ ಕೂರಲು ಜಾಗ ಕೊಡುತ್ತದೆ. ಮಂಜುಗಡ್ಡೆ ಏನನ್ನೂ ಕೊಡುವುದಿಲ್ಲ, ಅದನ್ನು ಕಚ್ಚಿಯೇ ಹಿಡಿಯಬೇಕು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಅವಳ ಕೈ ಮುರಿಯಬೇಕಾಯಿತು.

ಹದಿನಾಲ್ಕರ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಪಪ್ಪಾ, ಮಮ್ಮಿ ಆಲ್ರೆಡಿ ಹಾಕಸ್ಯಾಳ," ಎಂದು ತನ್ನ ಫೋನು ಮುಂದೆ ಹಿಡಿದಳು. ಚಿತ್ರದಲ್ಲಿ ಅದೇ ಸೈಕಲ್ಲು, ಟೈರಿನ ತುಂಬ ಮಿನುಗುವ ಸಣ್ಣ ಸಣ್ಣ ಮೊಳೆ. ಪ್ಲಾಸ್ಟರು ಬಿಚ್ಚಿದ ದಿನವೇ ಹಾಕಿಸಿದ್ದಳಂತೆ. "ನಿಮಗ ಹೇಳಬ್ಯಾಡ ಅಂದಿದ್ಲು. ಯು ವಿಲ್ ಫೀಲ್ ಬ್ಯಾಡ್ ಅಂತ."

ನಾನು ತಟ್ಟೆಯನ್ನು ಸಿಂಕಿನಲ್ಲಿ ಬೋರಲು ಹಾಕಿ ಅಲ್ಲೇ ನಿಂತೆ. ಅವಳು ಇನ್ನು ಬೀಳುವುದಿಲ್ಲ ಎಂಬ ಸಮಾಧಾನ ಬರಬೇಕಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ದುಃಖ. ಮುರಿದ ಕೈ ಇಟ್ಟುಕೊಂಡು ಅವಳು ಅಷ್ಟು ದೂರದಿಂದ ನನ್ನ ಮರ್ಯಾದೆ ಕಾಯುತ್ತಿದ್ದಳು. ಇವತ್ತಾದರೂ ತಪ್ಪಾಯಿತು ಎಂದುಬಿಡಬೇಕು ಎಂದುಕೊಂಡೆ.

ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನು ಹಚ್ಚಿದೆ. ತಪ್ಪಾಯಿತು ಎನ್ನಲೆಂದೇ ಬಾಯಿ ತೆರೆದೆ. ಬಾಯಿಂದ ಹೊರಬಿದ್ದದ್ದು ಬೇರೆ.

"ನೋಡು, ಸೋಮವಾರದೊಳಗ ಆ ಮೊಳಿ ಟೈರ್ ಹಾಕಸ್ಕೋ."

"ಆತ್ರಿ," ಎಂದಳು. "ನೀವು ಹೇಳಿದ್ರಲ್ಲ, ನಾಳೆನ ಹಾಕಸ್ತೀನಿ."

"ಹೂಂ, ಹಾಕಸು," ಎಂದೆ.

ಮಗಳು ನನ್ನ ಮುಖ ನೋಡಿದಳು. ಎದ್ದು ಒಳಗೆ ಹೋದಳು.