ಮೂರು ಸಲ ದಾಟಬೇಕಾದ ಸರೋವರ

"ನಾನು ನಿಂತಿದ್ದ ದಡದಲ್ಲಿ ಒಂದೇ ಒಂದು ದೋಣಿ ಇತ್ತು. ಇರೋದು ಒಟ್ಟು ಮೂರು. ಒಂದೇ ಉಳಿದಿದ್ರೆ ಏನು ಮಾಡ್ಬೇಕು ಅಂತ ಈ ಕಡೆ ನಡೆಯೋರಿಗೆಲ್ಲ ಗೊತ್ತು. ಆಚೆ ದಡಕ್ಕೆ ಹೋಗು, ಅಲ್ಲಿರೋ ಇನ್ನೊಂದು ದೋಣೀನ ಹಿಂದೆ ಕಟ್ಕೋ, ವಾಪಸ್ ಬಾ, ಅದನ್ನ ಇಲ್ಲಿ ಬಿಡು, ಆಮೇಲೆ ಮತ್ತೆ ಹೋಗು. ಮೂರು ಸಲ ಆಯ್ತಾ? ಒಂದೊಂದು ಸಲಕ್ಕೂ ಒಂದು ಗಂಟೆ. ಯಾಕೆ ಅಂದ್ರೆ ನಿನ್ನ ಹಿಂದೆ ಬರೋನಿಗೆ ಒಂದು ದೋಣಿ ಇರ್ಲೇಬೇಕು. ನಂಗೂ ಗೊತ್ತಿತ್ತು. ಆದ್ರೆ ಒಂಬತ್ತು ದಿನ ನಡೆದಿದ್ದೆ. ಚೀಲದಲ್ಲಿ ಅರ್ಧ ಒಣರೊಟ್ಟಿ ಬಿಟ್ರೆ ಏನೂ ಇರ್ಲಿಲ್ಲ. ಆಚೆ ದಡದ ಮನೆ ಹೊಗೆಕೊಳವೇಲಿ ಹೊಗೆ ಕಾಣ್ತಿತ್ತು. ಸೆಪ್ಟೆಂಬರ್ ಅರ್ಧ ಕಳೀತು, ಇನ್ಯಾರು ಬರ್ತಾರೆ ಅಂದ್ಕೊಂಡೆ. ಒಂದೇ ಸಲ ದಾಟಿದೆ. ದೋಣಿ ಕಟ್ಟಿದೆ. ತಿರುಗಿ ಕೂಡ ನೋಡ್ಲಿಲ್ಲ. ಅದೇ ನನ್ನ ಕಥೆ. ಈಗ ನೀನು ಹೇಳು, ಆ ದಡದಲ್ಲಿ ಎಷ್ಟು ದೋಣಿ ಬಿಟ್ಟು ಬಂದೆ?"

ಸುವೊರ್ಗಾ ಸರೋವರ ದಾಟಿ ಬಂದವರಿಗೆಲ್ಲ ಮಾಯ್‌ಲಿಸ್ ಹೀಗೆ ಕೇಳುತ್ತಾಳೆ. ಕೇಳುವುದಕ್ಕೆ ಮೊದಲು ಬಿಸಿ ಸಾರು ಕೊಟ್ಟಿರುತ್ತಾಳೆ. ಅವಳಿಗೆ ಈಗ ಅರವತ್ತನಾಲ್ಕು. ಇಪ್ಪತ್ತಾರು ಬೇಸಿಗೆಗಳಿಂದ ಈ ತಂಗುಮನೆ ನೋಡಿಕೊಳ್ಳುವವಳು ಅವಳೇ. ತಂಗುಮನೆಯಿಂದ ನೋಡಿದರೆ ಆಚೆ ದಡದ ಹಿಂದೆ, ಉತ್ತರದ ಹಿಮನಾಡಿನ ಸಾರೆಕ್ ಬೆಟ್ಟಗಳ ಸೀಮೆ. ಅಲ್ಲಿ ಕಾಲುದಾರಿ ಇಲ್ಲ, ಮನೆ ಇಲ್ಲ, ಹೊಳೆಗೆ ಸೇತುವೆ ಅನ್ನೋದು ಅಪರೂಪ. ಹೊಟ್ಟೆಗೆ ಬೇಕಾದ್ದು, ಮಲಗಲು ಬೇಕಾದ್ದು ಎಲ್ಲ ಬೆನ್ನ ಮೇಲೆ ಹೊತ್ತೇ ಹೋಗಬೇಕು, ಹೊತ್ತೇ ಬರಬೇಕು.

ಬೂದೆನ್ ಊರಿನ ರೈಲು ಕೂಲಿಯ ಮಗಳು ಅವಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನೆಂಟು ವರ್ಷ ಕೆಲಸ. ಇಡೀ ದಿನ ಯಂತ್ರಗಳ ಗದ್ದಲ, ಹಬೆ, ಯಾರದೋ ಕಾಯಿಲೆಯ ವಾಸನೆ. ರಜೆ ಬಂತೆಂದರೆ ಉಳಿದವರು ಬಿಸಿಲಿನ ದೇಶಕ್ಕೆ ಹೋಗಿ ಮರಳಿನ ಮೇಲೆ ಬಿದ್ದುಕೊಳ್ಳುತ್ತಿದ್ದರು. ಇವಳು ಇಪ್ಪತ್ತೆರಡು ಕಿಲೋ ಹೊತ್ತು, ಒಬ್ಬಳೇ, ಸಾರೆಕ್‌ಗೆ ಬರುತ್ತಿದ್ದಳು. ಜೊತೆಯವರು ನಗುತ್ತಿದ್ದರು. ವರ್ಷವೆಲ್ಲ ಎತ್ತಿನ ಹಾಗೆ ದುಡಿದು, ರಜೆಯಲ್ಲಿ ಕತ್ತೆಯ ಹಾಗೆ ಹೊರುತ್ತೀಯಲ್ಲ ಅಂತ. ಅಲ್ಲಿ ನನ್ನ ಕಿವಿ ತೊಳೆದ ಹಾಗಾಗುತ್ತೆ ಅಂತ ಇವಳು ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ಹೇಳಲು ಅವಳಿಗೂ ಬರುತ್ತಿರಲಿಲ್ಲ.

ಆ ತಪ್ಪು ಮಾಡಿದಾಗ ಅವಳಿಗೆ ಮೂವತ್ತಾರು. ಆಗ ತಂಗುಮನೆಯಲ್ಲಿ ಇದ್ದವಳು ಇಂಗಾ. ಹಿಮಸಾರಂಗ ಸಾಕುವ ಸಾಮಿ ಜನರ ಹೆಂಗಸು, ಎಪ್ಪತ್ತರ ಹತ್ತಿರ, ಗಿಡ್ಡ ಆಳು, ಮಾತು ಕಮ್ಮಿ. ಇವಳು ಬಾಗಿಲಿಗೆ ಬಂದಾಗ ಇಂಗಾ ಏನೂ ಕೇಳದೆ ಬೂಟಿನ ದಾರ ಬಿಚ್ಚಿಕೊಟ್ಟಳು, ಬೆರಳು ಮರಗಟ್ಟಿದ್ದು ನೋಡಿ. ಅವರ ಪದ್ಧತಿಯಂತೆ ಚೀಸಿನ ತುಂಡು ಹಾಕಿದ ಕಾಫಿ ಕೊಟ್ಟಳು. ಒಣಮಾಂಸದ ಸಾರು ಇಟ್ಟಳು. ಸಂಜೆಯಾದ ಮೇಲೆ ದುರ್ಬೀನು ಕೊರಳಿಗೆ ಹಾಕಿಕೊಂಡು ದಡಕ್ಕೆ ಹೋಗಿ ಬಂದಳು. ದಿನವೂ ಹೋಗುತ್ತಿದ್ದಳಂತೆ.

ಬಂದವಳು ಕೈ ಒರೆಸಿಕೊಳ್ಳುತ್ತಾ, "ಆ ಕಡೆ ದೋಣಿ ಬಿಟ್ಟಿದೀಯಾ?" ಅಂದಳು.

"ಬಿಟ್ಟಿದೀನಿ," ಅಂದಳು ಮಾಯ್‌ಲಿಸ್.

ಇಂಗಾ ತಲೆ ಆಡಿಸಿದಳು. ಸಾರು ಇನ್ನೂ ಸ್ವಲ್ಪ ಬೇಕಾ ಅಂತ ಕೇಳಿದಳು. ಅಷ್ಟೇ.

ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು. ಸರೋವರದ ಮೇಲೆ ಬಿಳೀ ನೊರೆ ಓಡುತ್ತಿತ್ತು, ಆಚೆ ದಡ ಮಂಜಿನಲ್ಲಿ ಮುಚ್ಚಿಹೋಗಿತ್ತು. ಯಂತ್ರದ ದೋಣಿಯನ್ನು ಚಳಿಗಾಲ ಬರುತ್ತೆ ಅಂತ ಹಿಂದಿನ ವಾರವೇ ಕೆಳಗಿನ ಊರಿಗೆ ಸಾಗಿಸಿ ಆಗಿತ್ತು. ಇನ್ನು ಯಾರೇ ಆಗಲಿ ಹುಟ್ಟು ಹಾಕಿಯೇ ದಾಟಬೇಕು, ಆ ಗಾಳಿಯಲ್ಲಿ ಅದು ಆಗುವ ಮಾತಲ್ಲ. ಮಾಯ್‌ಲಿಸ್ ಬೆಚ್ಚಗಿನ ಹಾಸಿಗೆಯಲ್ಲಿ ಬಿದ್ದುಕೊಂಡಳು. ಒಂಬತ್ತು ದಿನ ಕಲ್ಲಿನ ಮೇಲೆ, ಕೆಸರಿನ ಮೇಲೆ, ಡೇರೆಯಲ್ಲಿ ಸುಖವಾಗಿ ನಿದ್ದೆ ಮಾಡಿದ್ದವಳಿಗೆ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಗಾಳಿ ಇಳಿದಿತ್ತು. ಇಂಗಾ ಗಂಜಿ ಬಡಿಸುತ್ತಿದ್ದಳು. ಮಾಯ್‌ಲಿಸ್ ಚಮಚ ಕೆಳಗಿಟ್ಟಳು.

"ನಿನ್ನೆ ಸುಳ್ಳು ಹೇಳಿದೆ, ಇಂಗಾ. ಆ ಕಡೆ ದೋಣಿ ಇಲ್ಲ."

"ಗೊತ್ತು," ಅಂದಳು ಇಂಗಾ. "ಮೂರೂ ಇಲ್ಲೇ ಇವೆಯಲ್ಲ. ಶಾಲೆಗೆ ಹೋಗಿಲ್ಲ ನಿಜ, ಮೂರರ ತನಕ ಎಣಿಸೋಕೆ ಬರತ್ತೆ."

ಮಾಯ್‌ಲಿಸ್‌ಗೆ ಕಿವಿಯವರೆಗೂ ಬಿಸಿಯಾಯಿತು. ಗೊತ್ತಿದ್ದೂ ಯಾಕೆ ಬೈಯಲಿಲ್ಲ ಅಂತ ಕೇಳಿದಳು.

"ಬೈದಿದ್ರೆ ಗಾಳಿ ನಿಲ್ತಿತ್ತಾ? ನಿಲ್ಲೋ ತನಕ ಇಬ್ರೂ ಕಾಯಬೇಕಿತ್ತು. ನಾನು ಗಾಳಿಗೆ ಕಾದೆ, ನಿಂಗೂ ಕಾದೆ. ಗಂಜಿ ಮುಗಿಸು. ಖಾಲಿ ಹೊಟ್ಟೇಲಿ ಹುಟ್ಟು ಹಾಕೋಕಾಗಲ್ಲ."

ದಡಕ್ಕೆ ಹೋಗಿ ಇಂಗಾ ದುರ್ಬೀನು ಹಿಡಿದಳು. ತುಂಬ ಹೊತ್ತು ಹಿಡಿದೇ ನಿಂತಳು. ಆಮೇಲೆ ಅದನ್ನು ಮಾಯ್‌ಲಿಸ್ ಕೈಗೆ ಕೊಟ್ಟಳು. ಆಚೆ ದಡದ ಕಲ್ಲುಗಳ ಸಂದಿಯಲ್ಲಿ ಒಂದೆಳೆ ಹೊಗೆ. ಎದ್ದೂ ಏಳದ ಹಾಗೆ, ಒದ್ದೆ ಕಡ್ಡಿಯ ಹೊಗೆ.

ಇಂಗಾ ಓಡಲಿಲ್ಲ, ಆದರೆ ಮಾಯ್‌ಲಿಸ್ ಅವಳನ್ನು ಹಿಡಿಯಲು ಓಡಬೇಕಾಯಿತು. ಫ್ಲಾಸ್ಕಿಗೆ ಕಾಫಿ, ಎರಡು ಉಣ್ಣೆಯ ಕಂಬಳಿ, ಒಂದು ಹಿಮಸಾರಂಗದ ಚರ್ಮ. ಒಂದು ದೋಣಿಗೆ ಇನ್ನೊಂದನ್ನು ಹಗ್ಗದಲ್ಲಿ ಕಟ್ಟಿದರು. ಇಬ್ಬರೂ ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕಿದರು. ಮೂರು ಕಿಲೋಮೀಟರು ನೀರು. ಹಿಂದಿನ ದೋಣಿ ಜಗ್ಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಅಲ್ಲಿ ಯಾರೋ ಸತ್ತಿದ್ದರೆ ಅನ್ನುವ ಮಾತು ಮಾಯ್‌ಲಿಸ್ ತಲೆಯಲ್ಲಿ ಪ್ರತಿ ಹುಟ್ಟಿಗೂ ಒಂದು ಸಲ ಬರುತ್ತಿತ್ತು. ಬಾಯಿ ಬಿಟ್ಟು ಅದನ್ನು ಹೇಳಿಯೂಬಿಟ್ಟಳು.

"ಸತ್ತವರು ಬೆಂಕಿ ಹಾಕಲ್ಲ," ಅಂದಳು ಹಿಂದಿನಿಂದ ಇಂಗಾ. "ಎಡಗಡೆ ಜೋರಾಗಿ ಎಳಿ. ದಿಕ್ಕು ತಪ್ತಿದೀಯ."

ಅಲ್ಲಿದ್ದವನು ಹಿಲ್ಡಿಂಗ್ ಅನ್ನುವ ಅರವತ್ತೇಳರ ಮನುಷ್ಯ, ಉಮೆಯೋ ಊರಿನವನು. ಚರ್ಚುಗಳ ಆರ್ಗನ್ ವಾದ್ಯಕ್ಕೆ ಶ್ರುತಿ ಕೂಡಿಸುವುದು ಅವನ ಕೆಲಸವಾಗಿತ್ತಂತೆ. ಹಿಂದಿನ ದಿನ ಹೊಳೆ ದಾಟುವಾಗ ಜಾರಿ ಬಿದ್ದಿದ್ದ. ಮಲಗುವ ಚೀಲ, ಬಟ್ಟೆ ಎಲ್ಲ ನೆನೆದು ಮುದ್ದೆಯಾಗಿತ್ತು. ದೋಣಿ ಇದ್ದೇ ಇರುತ್ತೆ, ದಾಟಿದರೆ ಒಲೆ ಇರುತ್ತೆ ಅಂತ ಕುಂಟಿಕೊಂಡು ದಡಕ್ಕೆ ಬಂದಿದ್ದ. ಇವಳು ಹೊರಟು ಮುಕ್ಕಾಲು ಗಂಟೆ ಆಗಿತ್ತು ಅಷ್ಟೇ. ಕೆಂಪು ಜಾಕೀಟು ನೀರಿನ ಮೇಲೆ ಚುಕ್ಕಿಯ ಹಾಗೆ ಕಂಡಿತ್ತು. ಕೂಗಿದ್ದ. ಆಗಿನ ಸಣ್ಣ ಗಾಳಿಯೇ ಕೂಗನ್ನು ಬೆಟ್ಟದ ಕಡೆಗೆ ಒಯ್ದಿತ್ತು.

ಇವಳು ನಿಯಮದ ಪ್ರಕಾರ ಎರಡನೇ ದೋಣಿ ಕಟ್ಟಿಕೊಂಡು ವಾಪಸ್ ಬಂದಿದ್ದರೆ ಅವನು ದಡದಲ್ಲೇ ಸಿಗುತ್ತಿದ್ದ. ಗಾಳಿ ಏಳುವ ಮೊದಲೇ ಇಬ್ಬರೂ ಒಲೆಯ ಮುಂದೆ ಕೂತಿರುತ್ತಿದ್ದರು. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನ ತುಟಿ ನೀಲಿಯಾಗಿತ್ತು. ಕೈ ನಡುಗಿ ನಡುಗಿ ಸಾಕಾಗಿತ್ತು. ಇಂಗಾ ಒದ್ದೆ ಬಟ್ಟೆ ಬಿಚ್ಚಿ ಕಂಬಳಿ ಸುತ್ತುವಾಗ ಮಾಯ್‌ಲಿಸ್ ಅವನ ಮುಂದೆ ಮೊಣಕಾಲೂರಿ, ದೋಣಿ ತಗೊಂಡು ಹೋಗಿದ್ದು ನಾನೇ ಅಂದಳು.

ಹಿಲ್ಡಿಂಗ್ ಅವಳ ಜಾಕೀಟು ನೋಡಿದ, ಮುಖ ನೋಡಿದ.

"ಬೈಯೋಣ ಅಂತ ರಾತ್ರಿಯೆಲ್ಲ ಮಾತು ಜೋಡಿಸಿಟ್ಟಿದ್ದೆ," ಅಂದ. "ಒಳ್ಳೊಳ್ಳೆ ಮಾತು. ಈಗ ಹಲ್ಲು ಕಟಕಟ ಅಂತಿದೆ, ಒಂದೂ ಸರಿಯಾಗಿ ಬರಲ್ಲ. ಮೊದ್ಲು ಕಾಫಿ ಕೊಡು. ಬೈಗುಳ ಆಮೇಲೆ ಕೊಡ್ತೀನಿ."

ಆ ಬೈಗುಳ ಅವಳಿಗೆ ಕೊನೆಗೂ ಸಿಗಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಅವನಿಂದ ಒಂದು ಕಾರ್ಡು ಬರುತ್ತಿತ್ತು. ಇನ್ನೂ ಮಾತು ಜೋಡಿಸುತ್ತಾ ಇದ್ದೇನೆ, ಅವಸರ ಮಾಡಬೇಡ ಅಂತ ಅದರಲ್ಲಿ ಬರೆದಿರುತ್ತಿತ್ತು. ಹನ್ನೊಂದು ಕಾರ್ಡು ಬಂದವು. ಆಮೇಲೆ ಅವನ ಮಗಳ ಕಾಗದ ಬಂತು. ಅಪ್ಪ ಎಪ್ಪತ್ತೆಂಟರಲ್ಲಿ, ತನ್ನ ಹಾಸಿಗೆಯಲ್ಲಿ, ನಿದ್ದೆಯಲ್ಲೇ ಹೋದ ಅಂತ. ತನ್ನ ಹಾಸಿಗೆಯಲ್ಲಿ ಅನ್ನುವ ಮಾತಿನ ಮೇಲೆ ಮಾಯ್‌ಲಿಸ್ ಬೆರಳಿಟ್ಟು ಎರಡು ಮೂರು ಸಲ ಓದಿಕೊಂಡಳಂತೆ. ಆ ದಿನ ಅವಳು ಅತ್ತಳು. ಆದರೆ ಅದು ದುಃಖದ ಅಳುವಲ್ಲ. ಆ ಹನ್ನೊಂದು ವರ್ಷ ಯಾರು ಕೊಟ್ಟರೋ ಅವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದ ಅಳು. ಇಳಿದ ಗಾಳಿಗೆ, ಹೊತ್ತಿಕೊಂಡ ಒದ್ದೆ ಕಡ್ಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಇಂಗಾಗೆ.

ಯಾಕೆಂದರೆ ಇಂಗಾ ಅವತ್ತು ಒಂದು ಮಾತಿನಲ್ಲಿ ಅವಳನ್ನು ಮುಗಿಸಿಬಿಡಬಹುದಿತ್ತು. ಆ ಸೀಮೆಯಲ್ಲಿ ನಡೆಯುವವರು ಕೆಲವೇ ಜನ. ಸುದ್ದಿ ಒಂದು ತಂಗುಮನೆಯಿಂದ ಇನ್ನೊಂದಕ್ಕೆ ಹೋಗಲು ಎರಡು ದಿನ ಸಾಕು. ದೋಣಿ ಬಿಡದೆ ಹೋದವಳು ಅಂತ ಹೆಸರು ಬಿದ್ದರೆ ಅವಳು ಮತ್ತೆ ಸಾರೆಕ್ ಕಡೆಗೆ ಮುಖ ಹಾಕುತ್ತಿರಲಿಲ್ಲ. ಅವಳಿಗೆ ಇದ್ದದ್ದೇ ಅದೊಂದು ಜಾಗ.

ಅವತ್ತು ಕಟ್ಟಿಕೊಂಡು ಹೋದ ದೋಣಿಯನ್ನು ಆಚೆ ದಡದಲ್ಲೇ ಬಿಟ್ಟು, ಹಿಲ್ಡಿಂಗ್‌ನನ್ನು ಇನ್ನೊಂದರಲ್ಲಿ ದಾಟಿಸಿ ತಂದು ಒಲೆಯ ಪಕ್ಕದಲ್ಲಿ ಮಲಗಿಸಿದರು. ಕೆನ್ನೆಗೆ ಬಣ್ಣ ಬಂದ ಮೇಲೆ, ನಿಮ್ಮ ದೋಣಿಯ ಹುಟ್ಟು ಕಿರುಗುಟ್ಟುವುದು ಅರ್ಧ ಸ್ವರ ತಗ್ಗಿದೆ ಅಂತ ತಕರಾರು ತೆಗೆದ. ಕೊಬ್ಬು ಸವರಿದರೆ ಸುಮ್ಮನಾಗುತ್ತೆ ಅಂದಳು ಇಂಗಾ, ಹುಟ್ಟಿಗೋ ಅವನಿಗೋ ಅಂತ ಹೇಳದೆ. ಅವನು ಎರಡು ಬಟ್ಟಲು ಸಾರು ಕುಡಿದು ಗೊರಕೆ ಹೊಡೆದ.

ಆಗ ಮಾಯ್‌ಲಿಸ್ ಕಿಟಕಿಯ ಹತ್ತಿರವಿದ್ದ ದಾಖಲೆ ಪುಸ್ತಕ ತೆಗೆದಳು. ಬಂದವರು ಹೆಸರು, ಎಲ್ಲಿಂದ, ಎಲ್ಲಿಗೆ ಅಂತ ಬರೆಯುವ ಪುಸ್ತಕ. ತಾನು ಮಾಡಿದ್ದನ್ನೆಲ್ಲ ಅದರಲ್ಲಿ ಬರೆಯುತ್ತೇನೆ, ಓದಿದವರು ಓದಲಿ ಅಂದಳು.

ಇಂಗಾ ಪೆನ್ನು ಕಸಿದುಕೊಳ್ಳಲಿಲ್ಲ. "ಬರೆಯೋದಾದ್ರೆ ಬರಿ. ಆದ್ರೆ ಓದೋನಿಗೆ ಅದರಿಂದ ಏನು ಉಪಯೋಗ? ದೋಣಿ ಎಷ್ಟು ಎಲ್ಲಿವೆ ಅಂತ ಬರಿ. ಉಳಿದಿದ್ದನ್ನ ಬಾಯಲ್ಲಿ ಹೇಳು, ಮುಖ ನೋಡ್ಕೊಂಡು. ಅದು ಬರೆಯೋದಕ್ಕಿಂತ ಕಷ್ಟ."

ಮಾಯ್‌ಲಿಸ್ ಯೋಚನೆ ಮಾಡಿದಳು. ಆಮೇಲೆ ಬರೆದಳು: ಆಚೆ ಒಂದು, ಇಲ್ಲಿ ಎರಡು. ಕೆಳಗೆ ತಾರೀಕು ಹಾಕಿದಳು.

ಬಸ್ಸು ಸಿಗಬೇಕಾದರೆ ಅವಳು ಆಗಲೇ ಹೊರಡಬೇಕಿತ್ತು. ಹೊರಡಲಿಲ್ಲ. ಒಗೆಯುವ ಕೋಣೆಯವರು ಒಂದು ದಿನ ತಾವೇ ನೋಡಿಕೊಳ್ಳಲಿ ಅಂದುಕೊಂಡಳು. ನಾನೇನಾದರೂ ಮಾಡಲಾ ಅಂತ ಇಂಗಾಳನ್ನು ಕೇಳಿದಳು. ಮಾಡಲು ಏನಿಲ್ಲ, ಸಂಜೆಗೆ ಸೌದೆ ಬೇಕು ಅಷ್ಟೇ ಅಂದಳು ಇಂಗಾ. ಅಂಗೈಯ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಮಾಯ್‌ಲಿಸ್ ಹೊರಗೆ ಹೋದಳು. ಬರ್ಚ್ ಮರದ ಕೊರಡೊಂದನ್ನು ಸೌದೆ ಸೀಳುವ ದಿಮ್ಮಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಕೊಡಲಿ ಎತ್ತಿ, ಸೀಳಿ, ಎರಡು ಹೋಳನ್ನೂ ಗೋಡೆಯ ಪಕ್ಕದ ರಾಶಿಗೆ ಒಟ್ಟಿ, ಇನ್ನೊಂದು ಕೊರಡು ತೆಗೆದುಕೊಂಡಳು.