ಮುಂಬಯಿಯ ಗುಡಿಗೆ ಹೋದ ಗುರುಬಸವ್ವ

ತಿಕೋಟಾದ ಗುರುಬಸವ್ವ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಗತಿಯಿಲ್ಲದವಳೇನಲ್ಲ, ಪೇಟೆಯಲ್ಲಿ ಗಂಡ ಶಿವಯೋಗೆಪ್ಪನ ಕಿರಾಣಿ ಅಂಗಡಿ ಜೋರಾಗಿಯೇ ನಡೆಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಬೀದಿಯ ಕಲ್ಲು ಕಾದು, ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಈ ಹೆಂಗಸು ಬರಿಗಾಲಲ್ಲಿ ಕೊಡ ಹೊತ್ತು ಬರುತ್ತಿದ್ದಳು. ಎದುರಾದ ಹೆಂಗಸರು ದಾರಿ ಬಿಟ್ಟು ನಿಲ್ಲುವರು. ಕೆಲವರು ಬಗ್ಗಿ ಆ ಸುಟ್ಟ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಆಗೆಲ್ಲ ಗುರುಬಸವ್ವನಿಗೆ ಕೊಡ ಅಲ್ಲೇ ಇಳಿಸಿ ಎತ್ತಲಾದರೂ ಓಡಿಹೋಗೋಣ ಅನ್ನಿಸುತ್ತಿತ್ತು. ಯಾಕೆಂದರೆ ಆ ಪಾದಗಳ ಪುಣ್ಯವೆಲ್ಲ ಶುದ್ಧ ಸುಳ್ಳು.

ಆ ಸುಳ್ಳಿನ ಬೇರು ಇರುವುದು ಮುಂಬಯಿಯಲ್ಲಿ. ಐವತ್ತೊಂಬತ್ತನೆಯ ಇಸವಿ. ಶಿವಯೋಗೆಪ್ಪನಿಗೆ ಹೊಟ್ಟೆಯಲ್ಲಿ ಹುಣ್ಣಾಗಿ, ಉಂಡದ್ದು ನಿಲ್ಲದೆ, ಆಳು ಅರ್ಧಕ್ಕಿಳಿದ. ವಿಜಾಪುರದ ಡಾಕ್ಟರು ಮುಂಬಯಿಗೆ ಒಯ್ಯಿರಿ ಎಂದು ಕೈ ತೊಳೆದುಕೊಂಡರು. ಅಲ್ಲಿ ಗಿರಣಿಯಲ್ಲಿ ಕೆಲಸಕ್ಕಿದ್ದ ದಾಯಾದಿ ರೇವಪ್ಪನ ಖೋಲಿಯಲ್ಲಿ ಗುರುಬಸವ್ವ ಇಳಿದಳು, ಗಂಡ ದವಾಖಾನೆ ಸೇರಿದ. ಆ ದವಾಖಾನೆಯ ನರ್ಸುಗಳು ಊಟದ ಹೊತ್ತಿಗೆ ರೋಗಿಗಳ ನೆಂಟರನ್ನೆಲ್ಲ ಕುರಿ ಹೊಡೆದಂತೆ ಹೊರಗೆ ಹೊಡೆಯುವರು, ಸಂಜೆಗೇ ಮತ್ತೆ ಒಳಗೆ ಬಿಡುವರು. ನಡುವಿನ ಹೊತ್ತು ಕಳೆಯುವುದೆಲ್ಲಿ? ಖೋಲಿ ದೂರ, ಟ್ರಾಮಿನ ಹಾದಿ ತಿಳಿಯದು. ಮೊದಲ ದಿನ ಸುಮ್ಮನೆ ರಸ್ತೆ ಹಿಡಿದು ನಡೆದಳು. ನಡೆಯುತ್ತ ನಡೆಯುತ್ತ ಮರಗಳ ಮೇಲೆ ಒಂದು ಗುಮ್ಮಟ ಕಾಣಿಸಿತು.

ವಿಜಾಪುರ ಸೀಮೆಯವಳ ಕಣ್ಣಿಗೆ ಪರವೂರಲ್ಲಿ ಗುಮ್ಮಟ ಬಿದ್ದರೆ ಕೇಳಬೇಕೆ! ತವರಿನವರು ಯಾರೋ ಹೆಸರು ಹಿಡಿದು ಕರೆದಂತಾಯಿತು. ದೊಡ್ಡ ಶರಣರ ದರ್ಗಾ ಇದ್ದೀತು ಎಂದುಕೊಂಡಳು. ಉರುಸಿನಲ್ಲಿ ಮುಲ್ಲಾನಿಂದ ಸಕ್ಕರೆ ಓದಿಸಿಕೊಂಡು ಬರುವುದು ಅವಳ ತವರಿನ ರೂಢಿಯೇ. ಮೆಟ್ಟಿಲ ಬದಿಗೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋಗಿ ಗೋರಿ ಹುಡುಕಿದಳು. ಗೋರಿ ಎಲ್ಲಿಯದು! ಕೈ ಮುರಿದ ಶಿವ, ಮೂಗು ಹಾರಿದ ಪಾರ್ವತಿ, ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ, ಮಡಕೆ, ಮಣಿಸರ. ಒಂದೊಂದು ಮೂರ್ತಿಗೂ ಕೈ ಮುಗಿಯುತ್ತ ಸಾಗಿದವಳನ್ನು ಕಂಡು ಕಾವಲಿನವನು ನಕ್ಕ. ಇದು ಗುಡಿಯಲ್ಲ ಬಾಯಿ, ಮ್ಯೂಜಿಯಂ, ಇಲ್ಲಿ ಕೈ ಮುಗಿಯುವುದಲ್ಲ, ಬರೀ ನೋಡುವುದು ಎಂದು ಮರಾಠಿಯಲ್ಲಿ ತಿಳಿಹೇಳಿದ.

ಬರೀ ನೋಡುವುದು! ಮದುವೆಯಾಗಿ ಬಂದಾಗಿನಿಂದ ಬೀಸು, ಕುಟ್ಟು, ಬಡಿಸು, ತೊಳೆ ಎಂದವರುಂಟು. ನೋಡು ಎಂದವನು ಇವನೊಬ್ಬನೇ.

ಮರುದಿನವೂ ಹೋದಳು, ಅದರ ಮರುದಿನವೂ. ಚಪ್ಪಲಿ ಮಾತ್ರ ಹೊರಗೇ. ದೇವರು ನಿಂತಿರುವಲ್ಲಿ ಮೆಟ್ಟಿಕೊಂಡು ಅಡ್ಡಾಡಲು ಅವಳಿಗೆ ಮನಸ್ಸು ಬಾರದು. ಒಮ್ಮೆ ಹತ್ತಿರದ ಇನ್ನೊಂದು ಚಿತ್ರಶಾಲೆಗೂ ನುಗ್ಗಿದಳು. ಅಲ್ಲಿ ಕಣ್ಣು ಕಪಾಳದಲ್ಲಿ, ಮೂಗು ಕಿವಿಯ ಜಾಗದಲ್ಲಿ ಇದ್ದ ಒಬ್ಬ ಹೆಂಗಸಿನ ಚಿತ್ರ ತೂಗುತ್ತಿತ್ತು. “ಅಯ್ಯ ಶಿವನ, ಇಕಿನ್ನ ಯಾವಾಂವ ಮಾಡಿಕೊಂಡಾನೋ!” ಎಂದು ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹಿಡಿದು ನಕ್ಕಳು. ದವಾಖಾನೆಯ ಮೆಟ್ಟಿಲು ಹತ್ತುವಾಗ ಆ ನಗು ಮುಖದಲ್ಲಿ ಉಳಿದಿದೆಯೇನೋ ಎಂದು ಹೆದರಿ ಗಸಗಸ ಒರೆಸಿಕೊಂಡಳು. ಗಂಡ ಮಂಚದಲ್ಲಿ ನರಳುತ್ತಿರುವಾಗ ನಗು ಹೇಗೆ ಬಂತು ತನಗೆ ಎಂದು ನಾಚಿಕೆಯಾಯಿತು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಪರೇಶನ್ನಿನ ದಿನ ಬಂತು. ಮೈಮೇಲೆ ಏನೂ ಇರಕೂಡದು, ಕೊರಳಲ್ಲಿದ್ದದ್ದನ್ನೂ ಬಿಚ್ಚಿ ಎಂದರು. ಲಿಂಗವಂತನ ಕೊರಳಲ್ಲಿರುವುದು ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ್ದು, ಮಣ್ಣಿಗೆ ಹೋಗುವತನಕ ಮೈಬಿಟ್ಟು ಅಗಲಬಾರದು. ಶಿವಯೋಗೆಪ್ಪ ಅದನ್ನು ಬಿಚ್ಚಿ ಹೆಂಡತಿಯ ಬೊಗಸೆಗೆ ಹಾಕಿದ.

“ಎಲ್ಲೂ ಇಡಬ್ಯಾಡ, ನಿನ್ನ ಮೈಮ್ಯಾಲೆ ಇರಲಿ. ನಾ ಕಣ್ಣ ತೆರದ ಕೂಡ್ಲೆ ಕೊರಳಿಗೆ ಕಟ್ಟು. ಅಲ್ಲೀತನಾ ನಾ ಹನಿ ನೀರೂ ಮುಟ್ಟಂಗಿಲ್ಲ,” ಎಂದ.

ಅವಳು ತನ್ನ ಲಿಂಗದ ಪಕ್ಕದಲ್ಲೇ ಅವನದನ್ನೂ ಕಟ್ಟಿಕೊಂಡಳು. ಸಂಜೆಯ ಮೊದಲು ಏನೂ ಆಗದು, ಇಲ್ಲಿ ನಿಲ್ಲಬೇಡಿ ಎಂದು ನರ್ಸು ಗದರಿದಳು. ರೇವಪ್ಪ ಗಿರಣಿಯ ಪಾಳಿಗೆ ಹೋಗಿದ್ದ. ಗೇಟಿನ ಹೊರಗೆ ಬೇವಿನ ಮರವಿತ್ತು, ಅದರ ಕೆಳಗೆ ಕಲ್ಲು ಇತ್ತು. ಅಲ್ಲಿ ಕೂಡಬಹುದಿತ್ತಲ್ಲ ಎಂದು ಮುಂದೆ ಅವಳು ತನ್ನನ್ನು ತಾನು ಎಷ್ಟು ಸಲ ಬೈದುಕೊಂಡಳೋ. ಅಂದು ಮಾತ್ರ ಕೂಡಲಿಲ್ಲ. ಹೆದರಿಕೆ ತಡೆಯದೆ ಕಾಲು ಗುಮ್ಮಟದ ಕಡೆಗೇ ತಿರುಗಿತು.

ಕಾವಲಿನವನಿಗೆ ಈಗ ಅವಳ ಗುರುತು ಹತ್ತಿತ್ತು, ಊರೂ ಗೊತ್ತಾಗಿತ್ತು. ನಿಮ್ಮ ವಿಜಾಪುರದ್ದು, ಬಾದಶಹರ ಕಾಲದ್ದು, ನೋಡು ಬಾ ಎಂದು ಒಂದು ಮೂಲೆಗೆ ಕರೆದೊಯ್ದ. ಅಂಗೈಯಷ್ಟೇ ಚಿತ್ರ. ಮಾಳಿಗೆಯ ಮೇಲೆ ಒಬ್ಬ ಹೆಂಗಸು ಲೋಡಿಗೆ ಒರಗಿ ಕುಳಿತಿದ್ದಾಳೆ. ಕಿವಿಯಲ್ಲಿ ಬುಗುಡಿ. ಹತ್ತಿರ ಕೊಡವಿಲ್ಲ, ಮೊರವಿಲ್ಲ, ತೊಡೆಯ ಮೇಲೆ ಕೂಸಿಲ್ಲ. ಸಂಜೆಯಾಗುತ್ತಿದೆ, ಅವಳು ಸುಮ್ಮನೆ ಮುಗಿಲು ನೋಡುತ್ತಿದ್ದಾಳೆ. ಅಷ್ಟೇ. ಗುರುಬಸವ್ವ ಅದರ ಮುಂದೆ ನಿಂತಳು. ನಿಂತು ಸಾಕಾದಾಗ ನೆಲಕ್ಕೆ ಕುಳಿತಳು. ಎದೆಯೊಳಗಿನ ಹೆದರಿಕೆ ಎಲ್ಲಿಗೆ ಹೋಯಿತೋ ಹೋಯಿತು. ದವಾಖಾನೆ, ತಿಕೋಟಾ, ಅಂಗಡಿ, ಮಕ್ಕಳು, ಯಾವುದೂ ನೆನಪಿಗೆ ಬರಲಿಲ್ಲ. ಸತ್ಯ ಹೇಳಬೇಕೆಂದರೆ ಅವಳು ಹಾಯಾಗಿದ್ದಳು, ಹುಟ್ಟಿದಾಗಿನಿಂದ ಅಷ್ಟು ಹಾಯಾಗಿ ಒಂದು ಮಧ್ಯಾಹ್ನ ಕಳೆದವಳಲ್ಲ.

ಬಾಗಿಲು ಹಾಕುವ ಗಂಟೆ ಬಾರಿಸಿದಾಗ ದವಾಖಾನೆ ನೆನಪಾಯಿತು. ಬಿದ್ದೆನೋ ಎದ್ದೆನೋ ಎಂದು ಓಡಿದಳು. ಚಪ್ಪಲಿಯ ನೆನಪಾದದ್ದು ಅರ್ಧ ದಾರಿಯಲ್ಲಿ. ಹಾಳಾಗಿ ಹೋಗಲಿ ಎಂದು ತಿರುಗಿ ನೋಡಲಿಲ್ಲ.

ಶಿವಯೋಗೆಪ್ಪನನ್ನು ಅಂದುಕೊಂಡದ್ದಕ್ಕಿಂತ ಬೇಗ, ಮಧ್ಯಾಹ್ನವೇ ಮಂಚಕ್ಕೆ ತಂದು ಮಲಗಿಸಿದ್ದರು. ಎಚ್ಚರವಾಗಿ ಎಷ್ಟೋ ಹೊತ್ತಾಗಿತ್ತು. ತುಟಿ ಒಡೆದು ನೆತ್ತರು ಜಿನುಗುತ್ತಿತ್ತು. ಅರಳೆ ಒದ್ದೆ ಮಾಡಿ ತಂದರೆ ಬಾಯಿ ಬಿಗಿದುಕೊಳ್ಳುತ್ತಾನೆ, ಎಂಥ ಹಟಮಾರಿ ಗಂಡಸು ನಿನ್ನವನು ಎಂದು ನರ್ಸು ಸಿಡಿಮಿಡಿಗೊಂಡಳು. ಗುರುಬಸವ್ವ ಲಿಂಗವನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಅಳುತ್ತ ನಿಂತಳು. ಅವನು ಅವಳ ಒದ್ದೆ ಕಣ್ಣು ನೋಡಿದ, ಧೂಳು ಮೆತ್ತಿದ ಬರಿಗಾಲು ನೋಡಿದ. ಅಂಥ ನೋವಿನಲ್ಲೂ ಮುಖ ಅರಳಿತು.

“ಗುಡಿಗೆ ಹೋಗಿದ್ದೇನ?”

“ಹೂಂ,” ಎಂದಳು ಗುರುಬಸವ್ವ.

ಮುಗಿಯಿತಲ್ಲ! ಆಮೇಲೆ ಹೇಳೋಣ, ಮೊದಲು ಮನುಷ್ಯ ಎದ್ದು ಕೂಡಲಿ ಎಂದುಕೊಂಡಳು. ಅವನು ಎದ್ದು ಕೂಡುವಷ್ಟರಲ್ಲಿ ಕತೆಯೂ ಅವನ ಜೊತೆ ಎದ್ದು ಕುಳಿತಿತ್ತು. ತಿಕೋಟಾಕ್ಕೆ ಬಂದ ಮೇಲಂತೂ ತಕ್ಕಡಿ ಹಿಡಿದಾಗೆಲ್ಲ ಅದೇ ಮಾತು. “ನನ್ನ ಲಿಂಗಾ ಎದಿಗಿ ಕಟಕೊಂಡು, ಬರಿಗಾಲಲೆ ಹೋಗಿ ಗುಡ್ಯಾಗ ಕುಂತಿದ್ಲರಿ ನಮ್ಮಕಿ!” ಬರಬರುತ್ತ ಅದಕ್ಕೆ ಉಪವಾಸ ಸೇರಿತು, ಒದ್ದೆ ಸೀರೆ ಸೇರಿತು, ಉರುಳುಸೇವೆಯೂ ಸೇರಿತು. ಬೆಲ್ಲ ಕೊಳ್ಳಲು ಬಂದವರು ಬೆಲ್ಲ ಮರೆತು ಕೇಳುವರು. ಹೊಸ ಚಪ್ಪಲಿ ಕೊಳ್ಳುತ್ತೇನೆಂದರೆ ಅವನೇ ತಡೆದ. “ಬ್ಯಾಡ ಬಿಡು, ನೇಮ ಹಿಡದಾಕಿ ಮುರೀಬಾರದು.” ಸರಿ, ಸುಡಲಿ ಕಾಲು, ಸುಡಬೇಕಾದದ್ದೇ ಎಂದು ಅವಳೂ ಒಪ್ಪಿಕೊಂಡಳು. ಒಮ್ಮೆ ನೆಂಟರ ಜೊತೆ ವಿಜಾಪುರಕ್ಕೆ ಹೋದಾಗ ಎಲ್ಲರೂ ಗೋಳಗುಮ್ಮಟದ ಮುಂದಿನ ಮ್ಯೂಜಿಯಂ ನೋಡಲು ನುಗ್ಗಿದರು. ಗುರುಬಸವ್ವ ಮೆಟ್ಟಿಲ ಮೇಲೇ ಕುಳಿತಳು. ದೊಡ್ಡ ಭಕ್ತೆ, ಇಂಥದ್ದರಲ್ಲಿ ಮನಸ್ಸಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ಒಳಗೆ ಹೋಗಲು ಜೀವ ಎಷ್ಟು ಎಳೆಯುತ್ತಿತ್ತು ಎಂದು ಅವಳಿಗೇ ಗೊತ್ತು.

ಹೀಗೇ ಐದಾರು ವರ್ಷ ಕಳೆದವು. ಆಮೇಲೆ ಬಬಲೇಶ್ವರದಿಂದ ಸುದ್ದಿ ಬಂತು. ಶಿವಯೋಗೆಪ್ಪನ ತಂಗಿ ನೀಲಾಬಾಯಿಯನ್ನು ಅಲ್ಲಿಗೆ ಕೊಟ್ಟಿತ್ತು. ಅವಳ ಗಂಡ ಶಂಕರೆಪ್ಪನಿಗೂ ಹೊಟ್ಟೆನೋವು. ಕೊಯ್ಯದೆ ಬೇರೆ ದಾರಿಯಿಲ್ಲ, ತಡಮಾಡಬೇಡಿ ಎಂದು ವಿಜಾಪುರದ ಡಾಕ್ಟರು ಹೇಳಿ ಕಳಿಸಿದ್ದರು. ಶಂಕರೆಪ್ಪ ಒಡ್ಡು ಹಾರುವ ಎತ್ತನ್ನು ಕೊಂಬು ಹಿಡಿದು ನಿಲ್ಲಿಸುವ ಗಂಡಸು, ಕತ್ತಿ ಎಂದರೆ ಮಾತ್ರ ಕೈಕಾಲು ಬಿಟ್ಟ. ನೀಲಾಬಾಯಿ ತಿಕೋಟಾಕ್ಕೆ ಬಂದು ಅತ್ತಿಗೆಯ ಕಾಲಿಗೆ ಬಿದ್ದಳು.

“ವೈನಿ, ನೀವು ನೇಮ ಹಿಡಿರಿ. ವೈನಿ ಕುಂತರ ಸಾಕು, ಕೊಯ್ಸಿಕೊಳ್ಳೂದ ಯಾಕ ಬೇಕು ಅಂತಾರ ಇವರು.”

“ಡಾಕ್ಟರ ಹೇಳಿದಂಗ ಮಾಡ್ರಿ ಬೇ, ನನ್ನ ಕೈಯಾಗ ಏನೈತಿ?” ಎಂದಳು ಗುರುಬಸವ್ವ.

“ಹಂಗ್ಯಾಕ ಅಂತಿ? ನನ್ನ ಉಳಿಸಿಲ್ಲೇನ? ಕೂಡತಾಳ ತಂಗಿ, ನೀ ಹೋಗು,” ಎಂದು ಶಿವಯೋಗೆಪ್ಪನೇ ಮಾತು ಕೊಟ್ಟುಬಿಟ್ಟ.

ಕುಳಿತಳು. ಊರಿನ ಮಠದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಶಂಕರೆಪ್ಪನ ಹೆಸರು ಹೇಳಿ ಬೇಡಿಕೊಳ್ಳಲು ಹೋದರೆ, ಬಂದು ನಿಲ್ಲುವುದು ಆ ಮಾಳಿಗೆಯ ಹೆಂಗಸು! ಶಿವ ಶಿವಾ ಎಂದು ತಲೆ ಕೊಡವಿದಳು. ಅಷ್ಟರಲ್ಲಿ ಬಬಲೇಶ್ವರದ ಆಳು ಬಂದು, ಶಂಕರೆಪ್ಪನವರು ಹಾಸಿಗೆಯಲ್ಲಿ ಹೊರಳಾಡುತ್ತಿದ್ದಾರೆ, ಆದರೂ ವೈನಿಯ ನೇಮ ಮುಗಿಯಲಿ ಎನ್ನುತ್ತಿದ್ದಾರೆ ಎಂದ. ಗುರುಬಸವ್ವ ದಿಗ್ಗನೆ ಎದ್ದಳು. ಆಗ ಚಿತ್ರ ನೋಡುತ್ತ ಕುಳಿತು ಒಬ್ಬನ ತುಟಿ ಒಣಗಿಸಿದ್ದಾಯಿತು, ಈಗ ಸುಳ್ಳಿನಿಂದ ಇನ್ನೊಬ್ಬನ ಜೀವ ತೆಗೆಯಲೇ? ಗಂಡನನ್ನು ಅಂಗಡಿಯಿಂದ ಎಬ್ಬಿಸಿ ಚಕ್ಕಡಿ ಹೂಡಿಸಿದಳು. ಅವನು ಎಷ್ಟು ಕೇಳಿದರೂ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಶಂಕರೆಪ್ಪನ ಹಾಸಿಗೆಯ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು.

“ನಾ ಯಾವ ಗುಡಿಗೂ ಹೋಗಿರಲಿಲ್ಲ. ಇವರನ್ನ ಕೊಯ್ಯೂ ಮುಂದ ನಾ ಮ್ಯೂಜಿಯಂದಾಗ ಚಿತ್ರಾ ನೋಡಕೋತ ಕುಂತಿದ್ದೆ. ಚಪ್ಪಲಿ ಅಲ್ಲೇ ಮರತು ಓಡಿಬಂದೆ. ನೇಮಿಲ್ಲ, ಏನಿಲ್ಲ. ಇವರು ಉಳದದ್ದು ಡಾಕ್ಟರ ಕೈಲೆ. ನನ್ನ ನಂಬಿ ಸಾಯಬ್ಯಾಡ್ರಿ. ಏಳ್ರಿ!”

ಮೊದಲು ಬಾಯಿ ಬಿಟ್ಟವಳು ನೀಲಾಬಾಯಿ. “ನಮ್ಮಣ್ಣ ನೀರಿಲ್ಲದ ಬಿದ್ದಾಗ ನೀ ಚಿತ್ರಾ ನೋಡಾಕತ್ತಿದ್ದಿ? ಎಂಥಾ ಎದಿ ಬೇ ನಿಂದು!” ಎಂದು ಕೂಗಿದಳು. ಬೈಗುಳ ಬೈಯುತ್ತಲೇ ಗಂಡನ ಧೋತರ ಕಟ್ಟಿ, ಪೇಟೆಗೆ ಹೊರಟಿದ್ದ ಲಾರಿಯೊಂದನ್ನು ನಿಲ್ಲಿಸಿ ಅವನನ್ನು ಹತ್ತಿಸಿದಳು. ವಿಜಾಪುರದಲ್ಲಿ ಅಂದೇ ಕೊಯ್ದರು. ಬದುಕಿದ, ಇನ್ನು ಭಯವಿಲ್ಲ ಎಂದು ಡಾಕ್ಟರು ಮರುದಿನ ಬೆಳಿಗ್ಗೆ ಹೇಳಿದರು.

ದವಾಖಾನೆಯ ಪಡಸಾಲೆಯಲ್ಲಿ ಶಿವಯೋಗೆಪ್ಪ ಬೆಂಚಿನ ಮೇಲೆ ಕುಳಿತಿದ್ದ. ಬೈಯಲಿ, ಬೇಕಾದರೆ ಎರಡು ಹೊಡೆಯಲಿ ಎಂದು ಗುರುಬಸವ್ವ ಕಾದು ನಿಂತಿದ್ದಳು.

“ಆವತ್ತ,” ಎಂದ ಅವನು ನೆಲ ನೋಡುತ್ತ, “ನಡುವ ಒಮ್ಮೆರ ನನ್ನ ನೆನಪ ಆತೇನ ನಿನಗ?”

ಆಯಿತು ಎಂದುಬಿಟ್ಟರೆ ಆಗಿತ್ತು. ಅಷ್ಟಕ್ಕೇ ಅವನು ತಣ್ಣಗಾಗುತ್ತಿದ್ದ, ಅದು ಅವಳಿಗೂ ಗೊತ್ತಿತ್ತು.

“ಇಲ್ರಿ,” ಎಂದಳು.

ಅವನು ತಲೆಯಾಡಿಸಿದ. “ನೀರಡಿಸಿ ಜೀವ ಹೋಗಾಕತ್ತಿತ್ತು. ಅಕಿ ಎಲ್ಲೋ ದೇವರ ಮುಂದ ನನ್ನ ಸಲುವಾಗಿ ಕುಂತಿರತಾಳ, ನಾ ಇಷ್ಟೂ ತಡಕೊಳ್ಳಲಿಲ್ಲಂದ್ರ ಹೆಂಗ ಅಂತ ಹಲ್ಲ ಕಚ್ಚಿ ತಡಕೊಂಡೆ.”

“ತಪ್ಪಾತ್ರಿ. ನಿಮ್ಮನ್ನ ಉಳಿಸಿದ್ದು ಡಾಕ್ಟರು.”

“ಡಾಕ್ಟರಗ ನಾ ಯಾರ?” ಎಂದ ಶಿವಯೋಗೆಪ್ಪ.

ಒಳಗಿನಿಂದ ನೀಲಾಬಾಯಿ ಅಣ್ಣಾ ಎಂದು ಕರೆದಳು, ಅವನು ಎದ್ದು ಹೋದ.

ಅವನು ಕೆಟ್ಟ ಗಂಡನೇನೂ ಆಗಲಿಲ್ಲ. ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಹಬ್ಬಕ್ಕೆ ಸೀರೆ ತರುತ್ತಿದ್ದ. ಮುಂಬಯಿಯ ಕತೆ ಮಾತ್ರ ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಸುದ್ದಿ ತಿಳಿಯದ ದೂರದ ಊರಿನ ಗಿರಾಕಿ ಯಾರಾದರೂ, ಅದೇನೋ ನಿಮ್ಮ ಮನೆಯವರು ಬರಿಗಾಲಲ್ಲಿ ಹೋಗಿದ್ದರಂತಲ್ಲ, ಹೇಳ್ರಿ ಎಂದು ಕೇಳಿದರೆ, “ಆಗಿ ಹೋತು ಬಿಡ್ರಿ,” ಎಂದು ಬೆಲ್ಲ ತೂಗುವನು. ಒಳಬಾಗಿಲ ಹಿಂದೆ ಕೆಲಸ ನಿಲ್ಲಿಸಿ ಕೇಳುತ್ತ ನಿಂತ ಗುರುಬಸವ್ವನಿಗೆ, ಒಮ್ಮೆ, ಒಂದೇ ಒಂದು ಸಲ, ಆ ಸುಳ್ಳನ್ನು ಅವನು ಮತ್ತೆ ಹೇಳಬಾರದೇ ಅನ್ನಿಸುತ್ತಿತ್ತು.