ಸಣ್ಣತ್ತೆಗೊಂದು ಎಲೆ

ಮೊನ್ನೆ ಊಟಕ್ಕೆ ಕೂತಾಗ ಮಗಳ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟೆ. ಅವಳು ತಲೆಯೆತ್ತಿ, "ಥ್ಯಾಂಕ್ಯೂ ಅಮ್ಮಾ" ಅಂದಳು. ಅವಳು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದ ಮಾತು. ನನ್ನ ಕೈಯ ಸೌಟು ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ತಾಯಿಗೆ, ಅಂದರೆ ಅವಳ ಅಜ್ಜಿಗಂತೂ ಗಾಬರಿಯೇ ಆಯಿತು. "ಯಾಕವ್ವಾ, ಎಲ್ಲಿಗಾದ್ರೂ ಹೊಂಟಿದ್ದೀಯಾ?" ಎಂದು ಕೇಳಿದರು.

ವಿಷಯ ಇಷ್ಟೆ. ಮಧುಗಿರಿಯ ಅವಳ ಇಂಗ್ಲಿಷ್ ಶಾಲೆಯಲ್ಲಿ ಈ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಅನ್ನುವ ಹಬ್ಬ. ಅಮೆರಿಕದವರು ಸುಗ್ಗಿಯಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಂಡು, ಯಾರಿಂದ ಏನು ಪಡೆದೆವೋ ಅದನ್ನು ನೆನೆಯುವ ದಿನವಂತೆ. ಮಕ್ಕಳು ವಾರವಿಡೀ ಮನೆಯಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು, ಒಂದು ಕಾರ್ಡು ಮಾಡಿಕೊಂಡು ಹೋಗಬೇಕು. ಮಗಳು ತನ್ನ ಅಂಗೈಯನ್ನು ಹಾಳೆಯ ಮೇಲೆ ಊರಿ, ಸುತ್ತ ಗೀಟು ಎಳೆದು, ಬೆರಳಿಗೊಂದು ಬಣ್ಣ ಬಳಿದು ಒಂದು ಹಕ್ಕಿ ಮಾಡಿದ್ದಳು. ಟರ್ಕಿ ಕೋಳಿಯಂತೆ. ಅಜ್ಜಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹುಂಜ ಚೆನ್ನಾಗೈತೆ, ಕಾಲೊಂದು ಮರ್ತಿದ್ದೀಯ" ಅಂದರು.

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಕರೆಂಟು ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಕೂತು ನನ್ನ ಅರ್ಧ ಆಯಸ್ಸು ಕಳೆದಿದೆ. ಕಿಂಡಿಯ ಆ ಕಡೆಯಿಂದ ಬಯ್ಗುಳ ಬಂದಿದೆ, ಮದುವೆ ಕರೆಯೋಲೆ ಬಂದಿದೆ, ಒಮ್ಮೆ ಒಬ್ಬರು ಹೊಲದಿಂದ ಹಾಗೇ ಬಂದವರು ಹಸಿ ಕಡಲೆಕಾಯಿ ಸುರಿದು ಹೋದದ್ದೂ ಇದೆ. ಥ್ಯಾಂಕ್ಸ್ ಅಂದವರನ್ನು ಕಾಣೆ. ನಮ್ಮ ಸೀಮೆಯ ಜನ ಉಪಕಾರ ಮರೆಯುವವರೆಂದು ಇದರ ಅರ್ಥವಲ್ಲ. ಬಾಯಲ್ಲಿ ಹೇಳಿದರೆ ಹಗುರಾಗಿಬಿಡುತ್ತದೆ ಅನ್ನುವ ಸಂಕೋಚ. ಅದರ ಬದಲು "ಉಂಡ್ಕಂಡೋಗು" ಅನ್ನುತ್ತೇವೆ, "ಕುರಿ ಈದ್ವಾ" ಎಂದು ಕೇಳುತ್ತೇವೆ.

ಆದರೆ ಆ ಕಾರ್ಡನ್ನು ಗೋಡೆಗೆ ಒರಗಿಸಿಟ್ಟು ಕೈ ತೊಳೆಯಲು ಎದ್ದಾಗ ನಗು ಹೋಗಿ ಸಿಟ್ಟು ಬಂತು. ಇಂಥ ಹಬ್ಬ ನಮಗೂ ಒಂದಿದೆ. ಅದನ್ನು ನಾವು ಮಾಡುವ ಚೆಂದ ನೆನಪಾಯಿತು.

ನಮ್ಮ ಹಬ್ಬದ ಹೆಸರು ಮಾರ್ಲಮಿ. ಹಿರಿಯರ ಹಬ್ಬ ಅಂತಲೂ ಅನ್ನುತ್ತಾರೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮನೆಯಲ್ಲಿ ಸತ್ತವರಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿ ಎಡೆ ಇಡುವುದು. ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ, ಜೊತೆಗೆ ಅವರವರಿಗೆ ಇಷ್ಟವಾದದ್ದು. ಹೊಸ ಬಟ್ಟೆ. ಧೂಪ ಹಾಕಿ ಕೈ ಮುಗಿದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರು ಉಂಡೇಳುವ ತನಕ ಹೊರಗೆ ಯಾರೂ ಮಾತಾಡುವಂತಿಲ್ಲ. ಆಮೇಲೆ ಮನೆಯ ಹಿರಿಯ ಕೆಮ್ಮಿ, ಕದ ತಟ್ಟಿ, ತೆಗೆಯುತ್ತಾನೆ. ಎಡೆಯನ್ನು ಮನೆಯವರು ಹಂಚಿಕೊಂಡು ಉಂಡ ಮೇಲೆ ಆ ಎಲೆಗಳು ಹಸುವಿಗೆ, ತಿಪ್ಪೆಗಲ್ಲ. ನಿಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ ಇರಬಹುದು.

ನನ್ನ ತೌರು ಶಿರಾ ತಾಲ್ಲೂಕಿನ ಗೌಡಗೆರೆ ಕಡೆ. ಕುರಿ ಮತ್ತು ಕಡಲೆಕಾಯಿಯ ಮನೆ. ಅಲ್ಲಿ ಎಲೆಗಳ ಸಾಲಿನ ಮೊದಲಿಗೆ ಕೂರುವವನು ನಮ್ಮ ತಾತ. ಆ ಮನುಷ್ಯ ಬದುಕಿದ್ದಾಗ ಮನೆಗೆ ಮಾಡಿದ ದೊಡ್ಡ ಉಪಕಾರವೆಂದರೆ ಆಗಾಗ ಮನೆ ಬಿಟ್ಟು ಹೋಗುತ್ತಿದ್ದದ್ದು. ಕುಡಿದು ಬಂದರೆ ಕೈಗೆ ಸಿಕ್ಕವರಿಗೆ ಹೊಡೆಯುತ್ತಿದ್ದ. ಅವನ ಎಲೆಯ ಪಕ್ಕ ಪ್ರತಿ ವರ್ಷ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರು ತಪ್ಪುವುದಿಲ್ಲ. ಆಮೇಲೆ ಅಜ್ಜಿ, ಆಮೇಲೆ ಅಪ್ಪ, ಆಮೇಲೆ ನನ್ನವ್ವ. ಅವ್ವ ನನ್ನ ತಮ್ಮ ಮಂಜನನ್ನು ಹೆತ್ತ ಬಾಣಂತನದಲ್ಲೇ ಹೋದಳು. ಅಲ್ಲಿಗೆ ಸಾಲು ಮುಗಿಯಿತು.

ಸಣ್ಣತ್ತೆಗೆ ಎಲೆ ಇಲ್ಲ.

ಸಣ್ಣತ್ತೆ ಅಂದರೆ ಅಪ್ಪನ ತಂಗಿ, ಸಣ್ಣೀರಮ್ಮ. ಪಾವಗಡದ ಆ ಕಡೆ, ಆಂಧ್ರದ ಗಡಿಯ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಮಳೆಗಾಲದಲ್ಲೇ ಗಂಡ ಹಾವು ಕಚ್ಚಿ ಸತ್ತ. ಕಾಲ್ಗುಣ ಸರಿಯಿಲ್ಲ ಎಂದು ಅತ್ತೆಮನೆಯವರು ಟ್ರಂಕಿನ ಸಮೇತ ಬಸ್ಸು ಹತ್ತಿಸಿದರು. ಟ್ರಂಕಿನಲ್ಲಿ ಏನಿತ್ತೋ ಗೊತ್ತಿಲ್ಲ, ಬಾಯಲ್ಲಿ ಮಾತ್ರ ಅರ್ಧ ತೆಲುಗು ತಂದಿದ್ದಳು, ಅದು ಕೊನೆಯತನಕ ಉಳಿಯಿತು. ಸಿಟ್ಟು ಬಂದರೆ ಕುರಿಗಳನ್ನು ತೆಲುಗಿನಲ್ಲೇ ಬಯ್ಯುವಳು. ನಮ್ಮ ಕುರಿಗಳಿಗೆ ಎರಡು ಭಾಷೆ ಬರುತ್ತಿತ್ತು.

ಅವ್ವ ಸತ್ತಾಗ ಮಂಜ ಅಂಗೈಯಗಲ ಇದ್ದ. ಸಣ್ಣತ್ತೆ ಮೇಕೆ ಹಾಲಿಗೆ ನೀರು ಬೆರೆಸಿ ಕಾಯಿಸಿ, ಬಟ್ಟೆಯ ಬತ್ತಿ ಅದ್ದಿ ಅವನ ಬಾಯಿಗೆ ಇಡುತ್ತಾ ಕೂರುತ್ತಿದ್ದಳು. ಅವನು ಬದುಕುವುದಿಲ್ಲ ಎಂದು ಊರೇ ಹೇಳಿತ್ತಂತೆ. ಬದುಕಿದ. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಮೈನೆರೆದಾಗ ಗುಡ್ಲು ಹಾಕಿಸಿದವಳು, "ಓದ್ಕಳ್ಳೇ, ಕುರಿ ಎಲ್ಲೂ ಓಗಕ್ಕಿಲ್ಲ" ಎಂದು ನನ್ನನ್ನು ಶಿರಾದ ಕಾಲೇಜಿಗೆ ದಬ್ಬಿದವಳು, ಎಲ್ಲ ಅವಳೇ. ಮನೆಯಲ್ಲಿ ಕೊನೆಗೆ ಉಣ್ಣುವವಳೂ ಅವಳೇ. ಮುದ್ದೆ ಮುಗಿದಿದ್ದರೆ ಮಡಕೆಯ ತಳ ಕೆರೆದು, ಹತ್ತಿದ ಸೀಕನ್ನೇ ಉಂಡೇಳುವಳು. "ನಂಗೆ ಸೀಕೇ ಇಷ್ಟ ಕಣೇ" ಅನ್ನುವಳು. ನಾವು ನಂಬಿದ್ದೆವು. ಮಕ್ಕಳು ನಂಬಲಿ, ದೊಡ್ಡವರು ಏಕೆ ನಂಬಿದರು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವಳು ತೀರಿಕೊಂಡ ವರ್ಷ ಮಾರ್ಲಮಿಯಲ್ಲಿ ಎಲೆ ಹಾಕಲಿಲ್ಲ. ವರ್ಷ ತುಂಬಲಿ ಅಂದರು, ಸರಿ ಅಂದೆ. ಮರುವರ್ಷ ಸೀರೆ ತೆಗೆದುಕೊಂಡು ಹೋದೆ. ಈಗ ಆ ಮನೆಗೆ ಹಿರಿಯನಾದ ದೊಡ್ಡಪ್ಪ ಸೀರೆಯನ್ನು ಮುಟ್ಟಲೇ ಇಲ್ಲ.

"ಲೇ, ಕೊಟ್ಟ ಹೆಣ್ಣಿಗೆ ತೌರುಮನೇಲಿ ಎಡೆ ಇಲ್ಲ ಕಣೇ. ಅವ್ಳ ಎಲೆ ಅವ್ಳ ಗಂಡನ ಮನೇಲಿ. ಇಲ್ಲಿಕ್ಕಿದ್ರೆ ನಮ್ಮ ಹಿರೀರು ಮುಟ್ಟಾಕಿಲ್ಲ."

ದೊಡ್ಡಪ್ಪನೂ ಅವಳ ಒಡಹುಟ್ಟಿದವನೇ, ನೆನಪಿರಲಿ. ಅವನ ಮೊಣಕಾಲು ಮುರಿದಾಗ ಆ ಕಾಲಿಗೆ ಎಣ್ಣೆ ನೀವಿದವಳು ಯಾರೆಂದು ಕೇಳಿದೆ. ಅದು ಬೇರೆ ಇದು ಬೇರೆ ಅಂದ. ಮಂಜನ ಮುಖ ನೋಡಿದೆ. ಅವನು ಮೊಬೈಲು ನೋಡಿದ. ಅವಳನ್ನು ಮಣ್ಣು ಮಾಡಲು ನಮ್ಮ ಹೊಲದ ಬದು ಆಯಿತು, ದುಡಿಸಿಕೊಳ್ಳಲು ನಮ್ಮ ಮನೆ ಆಗುತ್ತಿತ್ತು. ಒಂದು ಬಾಳೆಲೆ ಹಾಸುವ ಹೊತ್ತಿಗೆ ಅವಳು ಹೊರಗಿನವಳಾದಳು. ಇನ್ನೊಂದು ಮನೆಯಿಂದ ತಂದ ನನ್ನವ್ವನಿಗೆ ಎಲೆ ಉಂಟು, ಅದೇ ಮನೆಯಲ್ಲಿ ಹುಟ್ಟಿ ಅದೇ ಮನೆಯಲ್ಲಿ ಸತ್ತವಳಿಗೆ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಹಾಗಾದರೆ ಆ ಮನೆಯಲ್ಲೇ ಇಡಲಿ ಎಂದು ಒಂದು ಭಾನುವಾರ ಸೀರೆ ಹಿಡಿದು ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಆ ಊರಿಗೆ. ಸಣ್ಣತ್ತೆಯ ಮೈದುನನ ಹೆಂಡತಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಒಳ್ಳೆಯವರು, ಕಾಫಿ ಕೊಟ್ಟರು. ವಿಷಯ ಹೇಳಿದ ಮೇಲೆ ಸೀರೆಯನ್ನು ನನ್ನ ಕಡೆಗೇ ಸರಿಸಿದರು.

"ಆಯಮ್ಮ ಮಾ ಇಂಟಿ ಮನಿಷಿ ಕಾದಮ್ಮಾ. ಬಂದ್ಲು, ಎದ್ದೋದ್ಲು. ಆಯಮ್ಮ ಬದುಕಿದ್ದು ನಿಮ್ಮನೇಲಿ, ಸತ್ತಿದ್ದು ನಿಮ್ಮನೇಲಿ. ನಾವ್ಯಾಕಮ್ಮ ಎಡೆ ಇಕ್ಬೇಕು?"

ನಮ್ಮ ಮನೆಯ ಮನುಷ್ಯಳಲ್ಲ ಅಂದರು, ಅಷ್ಟೆ. ಎದ್ದು ಹೋಗಲಿಲ್ಲ, ನೀವೇ ಕಳಿಸಿದಿರಿ ಎಂದು ಜಗಳ ತೆಗೆಯಬಹುದಿತ್ತು. ಆದರೆ ಅವರು ಹೇಳಿದ್ದರ ಉಳಿದರ್ಧ ನಿಜವಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೆ ಎಗರಾಡಿದೆ. ಪಾಪ, ಅವನಿಗೂ ಸಣ್ಣತ್ತೆಗೂ ಏನು ಸಂಬಂಧ.

ಈ ವರ್ಷದ ಮಾರ್ಲಮಿಗೆ ಹೋಗುವಾಗ ನಾನು ಏನೂ ತೀರ್ಮಾನಿಸಿರಲಿಲ್ಲ, ದೇವರಾಣೆ. ಎಲ್ಲರಂತೆ ಕೈ ಮುಗಿದೆ. ಎಲ್ಲರೂ ಹೊರಗೆ ಹೊರಟರು. ತಾತನ ಎಲೆಯ ಪಕ್ಕ ಆ ಕ್ವಾರ್ಟರು ಹೊಳೆಯುತ್ತಿತ್ತು. ಅದನ್ನು ನೋಡಿದೆನೋ ಇಲ್ಲವೋ, ನನ್ನ ಕಾಲು ಹೊರಗೆ ಹೋಗಲು ಒಪ್ಪಲಿಲ್ಲ. ಕೊನೆಯವರು ದಾಟುತ್ತಲೇ ಕದ ಹಾಕಿ ಒಳಗಿನಿಂದ ಅಗುಳಿ ಜಡಿದೆ. ಅಡುಗೆಮನೆಯಲ್ಲಿ ಉಳಿದಿದ್ದ ಒಂದು ಎಲೆ ತಂದು ಅವ್ವನ ಎಲೆಯ ಪಕ್ಕ ಹಾಸಿದೆ. ಬಿಸಿ ಮುದ್ದೆ ಇಟ್ಟೆ, ಸಾರು ಬಿಟ್ಟೆ, ಪಾತ್ರೆಯೊಳಗೆ ಹುಡುಕಿ ಒಳ್ಳೊಳ್ಳೆಯ ಬಾಡು, ಈಲಿಯ ತುಂಡು, ನಲ್ಲಿ ಮೂಳೆ ಎಲ್ಲ ತೆಗೆದು ಬಡಿಸಿದೆ. ಬಡಿಸಿ ಸುಮ್ಮನೆ ನೋಡುತ್ತಾ ನಿಂತೆ. ಇಟ್ಟರೆ ಸಾಲದು, ದೊಡ್ಡಪ್ಪ ಬಂದು ಎತ್ತಿ ಬಿಸಾಡುತ್ತಾನೆ. ಉಂಡ ಎಲೆಯಾದರೆ ಏನು ಮಾಡುತ್ತಾನೆ? ಸೆರಗು ಸಿಕ್ಕಿಸಿಕೊಂಡು ಸತ್ತವರ ಸಾಲಿನಲ್ಲಿ ಕೂತೆ. ಅವಳ ಪಾಲಿನದನ್ನು ಅವಳ ಪರವಾಗಿ ಉಣ್ಣತೊಡಗಿದೆ. ಬೆಳಿಗ್ಗೆಯಿಂದ ಉಪವಾಸ ಬೇರೆ ಇದ್ದೆ. ಮಂಜನ ಹೆಂಡತಿ ಸುಜಾತ ಸಾರು ಚೆನ್ನಾಗಿ ಮಾಡುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡನೇ ಸಲ ಬಡಿಸಿಕೊಂಡೆ.

ಹೊರಗೆ ದೊಡ್ಡಪ್ಪ ಕೆಮ್ಮಿದ. ಕದ ತಟ್ಟಿದ. ದಬ್ಬಿದ. ಕದ ತೆರೆಯಲಿಲ್ಲ. ಅಗುಳಿ ಒಳಗಿನಿಂದ ಬಿದ್ದಿತ್ತು. ಒಳಗೆ ಇರುವವರು ಹಿರಿಯರು ಮಾತ್ರ. ಗುಂಪಿನಲ್ಲಿ ನಾನಿಲ್ಲದ್ದು ಯಾರಿಗೂ ಹೊಳೆದಿರಲಿಲ್ಲ, ಹೆಣ್ಣುಮಕ್ಕಳನ್ನು ಎಣಿಸುವವರು ಯಾರು. ಆಮೇಲೆ ದೊಡ್ಡಪ್ಪನ ದನಿ ಬಂತು. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನಡುಗುತ್ತಿತ್ತು.

"ತಪ್ಪಾಯ್ತು ಕಣಪ್ಪಾ. ಏನ್ ತಪ್ಪಾಯ್ತು ಹೇಳ್ಬುಡಿ. ಯಾರಿಗ್ ಕಮ್ಮಿ ಆಯ್ತು?"

ಬಾಯಲ್ಲಿ ತುತ್ತಿತ್ತು. ಹಾಗೇ ಹೇಳಿದೆ, "ಸಣ್ಣೀರಿಗೆ."

ಹೊರಗೆ ಯಾರೋ ದಪ್ಪನೆ ಕೂತ ಸದ್ದು. ಒಂದು ಹೆಂಗಸು "ಅಯ್ಯೋ ಶಿವನೇ" ಅಂದಳು. ಆ ಒಂದು ಗಳಿಗೆ ಇಡೀ ಮನೆಗೆ ಗೊತ್ತಿತ್ತು, ಯಾರಿಗೆ ಕಮ್ಮಿಯಾಗಿದೆ ಎಂದು. ನನಗೆ ಬೇಕಾಗಿದ್ದದ್ದೂ ಅಷ್ಟೇ. ಆಮೇಲೆ ಮಂಜನೇ ಕೆಡಿಸಿದ. "ದೊಡ್ಡಪ್ಪಾ, ಅದು ನಮ್ಮಕ್ಕನ ದನಿ ಕಣಪ್ಪಾ" ಅಂದ.

ಮುಂದಿನದು ನೀವೇ ಊಹಿಸಿಕೊಳ್ಳಿ. "ಸತ್ತೋರ್ ಸಾಲ್ನಾಗೆ ಕುಂತ್ಕಂಡು ಉಂಡ್ಬುಟ್ಯಲ್ಲೇ, ನಿಂಗೇನ್ ಬಂದಿತ್ತೇ ದೊಡ್ರೋಗ! ಇನ್ನೊಂದ್ಸಲ ಈ ವಸ್ಲು ತುಳೀಬ್ಯಾಡ" ಎಂದು ದೊಡ್ಡಪ್ಪ ಕೂಗಾಡಿದ. ನಾನೂ ಬಿಡಲಿಲ್ಲ. ಕೈಯನ್ನೂ ತೊಳೆಯದೆ ಜಗಳವಾಡಿದೆ. ಮಂಜ ಬೈಕಿನಲ್ಲಿ ಬಸ್‌ಸ್ಟಾಪಿನ ತನಕ ಬಿಟ್ಟ. ಇಳಿದ ಮೇಲೆ, "ನೀನಿಂಗ್ ಮಾಡ್ಬಾರ್ದಿತ್ತು ಕಣಕ್ಕಾ" ಅಂದ.

"ಯಾರ್ ಹಾಲ್ ಕುಡುಸಿ ನಿನ್ನ ಬದುಕ್ಸಿದ್ದೋ?" ಎಂದೆ.

ಅವನು ಗಾಡಿ ತಿರುಗಿಸುತ್ತಾ, "ಮೇಕೇದು" ಅಂದ. ತಮಾಷೆಗೆ ಅಂದನೋ, ಮಾತು ಸಿಗದೆ ಅಂದನೋ ಗೊತ್ತಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಅಲ್ಲಿಂದೀಚೆಗೆ ತೌರಿನಿಂದ ಫೋನಿಲ್ಲ. ನಾನೂ ಮಾಡಿಲ್ಲ. ಮಗಳು ಮಾತ್ರ ಹೋಮ್‌ವರ್ಕು ಬಿಡದೆ ಹಾಲಿನವರಿಗೆ, ಗ್ಯಾಸಿನವರಿಗೆ, ತನ್ನ ಅಪ್ಪನಿಗೆ ಥ್ಯಾಂಕ್ಸ್ ಹಂಚುತ್ತಿದ್ದಾಳೆ. ಅದನ್ನು ಕೇಳಿದಾಗೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮಾತಿಗೇನು, ಪುಕ್ಕಟೆ ಸಿಗುತ್ತದೆ. ಒಂದು ಎಲೆ ಹಾಸಿ ತೋರಿಸಲಿ ನೋಡೋಣ ಎಂದು ಗೊಣಗಿಕೊಂಡು ಓಡಾಡುತ್ತಿದ್ದೆ.

ಇವತ್ತು ಮಧ್ಯಾಹ್ನ ಕಿಂಡಿ ಮುಚ್ಚಿ ಊಟದ ಡಬ್ಬಿ ತೆಗೆಯುವಷ್ಟರಲ್ಲಿ ಸುಜಾತ ಫೋನು ಮಾಡಿದಳು. ಸುಜಾತ ಆ ಮನೆಗೆ ಬಂದಾಗಿನಿಂದ ಯಾರ ಎದುರಿಗೂ ದನಿಯೆತ್ತಿದವಳಲ್ಲ. ಕುರಿ ರೊಪ್ಪದಿಂದ ಮಾಡುತ್ತಿದ್ದಳೆಂದು ಕಾಣುತ್ತದೆ, ಹಿಂದೆ ಮರಿಗಳ ಸದ್ದು.

"ಅಕ್ಕಾ, ನಿಂಗೊಂದ್ ಹೇಳ್ಬೇಕಿತ್ತು ಕಣಕ್ಕಾ. ಅವತ್ತು ನೀನೋದ್ಮ್ಯಾಲೆ ದೊಡ್ಮಾವ ಆ ಎಲೇನ ತಿಪ್ಪೆಗ್ ಬಿಸಾಕು ಅಂದ್ರು."

ಗೊತ್ತಿದ್ದದ್ದೇ. ಹಲ್ಲು ಕಚ್ಚಿಕೊಂಡು, "ಬಿಸಾಕಿದ್ಯಾ?" ಎಂದೆ.

"ಇಲ್ಲ ಕಣಕ್ಕಾ. ತಗಂಡೋದೆ, ತಿಪ್ಪೆತಕ ಓಗಿ ನಿಂತ್ಕಂಡೆ. ಬಾಣಂತನದಾಗೆ ಆಯಮ್ಮ ನನ್ನ ಮೈ ತೊಳ್ದಿದ್ಲು. ಕೈ ಬರ್ಲಿಲ್ಲ. ತಿರುಗ್ ಬಂದು ಹಿರೀರ ಎಲೆ ಎಲ್ಲ ಎಲ್ಲಿ ಮಡಗಿದ್ವೋ ಅಲ್ಲೇ ಮಡಗಿದೆ. ನಿಮ್ಮವ್ವನ ಎಲೆ ಮ್ಯಾಲೆ. ಹಸಾ ಎಲ್ಲಾನೂ ಒಟ್ಟಿಗೇ ತಿಂತು. ಯಾರಿಗೂ ಹೇಳ್ಬ್ಯಾಡ."

ಕೈಯಲ್ಲಿದ್ದ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅತ್ತ ಸುಜಾತ, "ಅಕ್ಕಾ, ಅದೀಯಾ?" ಎಂದು ಎರಡು ಸಲ ಕೇಳಿದಳು.

"ಇದೀನಿ ಕಣೇ," ಎಂದೆ. "ನೀನು ಉಂಡ್ಯಾ?"

"ಇನ್ನೂ ಇಲ್ಲ. ಎಲ್ಲರ್ದೂ ಆಗ್ಲಿ ಅಂತ."

"ಎಲ್ಲರ್ದೂ ಆಗೋದ್ ಬ್ಯಾಡ. ಈಗ್ಲೇ ಹೋಗಿ ಉಣ್ಣು" ಎಂದು ಗದರಿಸಿದೆ. ಎಷ್ಟು ಜೋರಾಗಿ ಗದರಿಸಿದೆನೆಂದರೆ ಪಕ್ಕದ ಕೌಂಟರಿನವರು ತಿರುಗಿ ನೋಡಿದರು. "ತಳದ್ದು ಕೆರ್ಕಂಡ್ ತಿನ್ಬ್ಯಾಡ. ಬಿಸಿ ಮುದ್ದೆ ಇಟ್ಕಂಡು, ನಡುಮನೇಲಿ ಕುಂತ್ಕಂಡು, ಎಲ್ಲರ್ಗಿಂತ ಮುಂಚೆ ಉಣ್ಣು. ಯಾರಾದ್ರೂ ಕೇಳಿದ್ರೆ ನಾನ್ ಹೇಳ್ದೆ ಅನ್ನು."

ಅವಳು ನಕ್ಕಳು. "ಉಣ್ತೀನಿ, ಇರಕ್ಕಾ" ಅಂದಳು. ಫೋನು ಇಡಲಿಲ್ಲ. ರೊಪ್ಪದ ಬೇಲಿ ಸರಿದ ಸದ್ದು, ಹೆಜ್ಜೆ ಸದ್ದು, ಆಮೇಲೆ ತಟ್ಟೆಯ ಸದ್ದು. ಅವಳು ಮೊದಲ ತುತ್ತು ನುಂಗುವ ತನಕ ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದೆ.